ಕೇಳದೆ ಬರೆದ ಸೊನ್ನೆ

ಮೊದಲು ಕೇಳಿದ್ದು ಕೋಲಿನ ಸದ್ದು. ಟಣ್... ಕಲ್ಲಿಗೆ ಕಬ್ಬಿಣದ ಬಳೆ ತಾಗಿದ ಹಾಗೆ. ಆಮೇಲೆ ದನಿ.

"ಥಮ್! ಕೌನ್ ಆತಾ ಹೈ?"

ನಿಲ್ಲು, ಯಾರು ಬರ್ತಿರೋದು ಅಂತ ಹಿಂದಿಯಲ್ಲಿ, ಸೈನ್ಯದ ಪಹರೆಯವರು ಕೇಳುವ ಹಾಗೆ. ಪ್ರತಿಮಕ್ಕ ನಿಂತಳು. ರಾತ್ರಿ ಹತ್ತೂಕಾಲು. ಆಸ್ಪತ್ರೆಯಿಂದ ಅವಳ ಕ್ವಾರ್ಟರ್ಸಿಗೆ ಮುನ್ನೂರು ಮೀಟರ್ ಕಾಂಕ್ರೀಟ್ ದಾರಿ. ನಡುವೆ ಒಂದು ಹಳೆ ಬಾವಿ, ಬಾಯಿಗೆ ಕಬ್ಬಿಣದ ಜಾಲರಿ. ದೀಪದ ಕಂಬಗಳ ಸಾಲು ಬಾವಿಗಿಂತ ಇಪ್ಪತ್ತು ಹೆಜ್ಜೆ ಹಿಂದೆಯೇ ಮುಗಿಯುತ್ತದೆ.

"ಉಮೇಶಾ, ತಮಾಷೆ ಬೇಡ ಮಾರಾಯ. ಸುಸ್ತಾಗಿದೆ," ಅಂದಳು, ಗೇಟಿನ ಕಾವಲುಗಾರ ಅಂದುಕೊಂಡು.

ಜೀರುಂಡೆಗಳ ಸದ್ದು ನಿಂತಿತ್ತು...

"ನಾನು. ಡಾಕ್ಟರ್ ಪ್ರತಿಮಾ," ಅಂದಳು.

ಎದುರಿಗೆ ಯಾರೋ ಇದ್ದಾರೆ, ಅವಳೇ ಇನ್ನೇನೋ ಹೇಳಲಿ ಅಂತ ಕಾಯುತ್ತಿದ್ದಾರೆ ಅನಿಸಿತಂತೆ. ಸುಮಾರು ಒಂದು ನಿಮಿಷ. ಆಮೇಲೆ ಜೀರುಂಡೆಗಳು ಮತ್ತೆ ಶುರು ಮಾಡಿದವು. ಅವಳು ಮನೆಗೆ ಹೋಗಿ ಚಪ್ಪಲಿ ಕೂಡ ಬಿಚ್ಚದೆ ಮಲಗಿಬಿಟ್ಟಳು.

ಪ್ರತಿಮಕ್ಕ ನನ್ನ ದೊಡ್ಡಮ್ಮನ ಮಗಳು. ಸಾಗರದಿಂದ ಹೊಸನಗರದ ಕಡೆ ಹೋಗುವ ರಸ್ತೆಯಲ್ಲಿ ಮಾಜಿ ಸೈನಿಕರಿಗೆ ಅಂತ ಒಂದು ಟ್ರಸ್ಟಿನವರು ನಡೆಸುವ ಆಸ್ಪತ್ರೆ ಇದೆ. ಹೆಸರು ಬೇಡ. ಅಲ್ಲಿ ನರರೋಗ ವಿಭಾಗದ ಮುಖ್ಯಸ್ಥೆ ಅವಳು. ನಾನು ಬಿಎಸ್ಸಿ ಮುಗಿಸಿ, ಒಂದು ವರ್ಷ ತರಬೇತಿ ಮಾಡಿ, ಅದೇ ವಿಭಾಗದಲ್ಲಿ ಇಇಜಿ ಯಂತ್ರ ನಡೆಸುತ್ತೇನೆ. ಮಿದುಳಿನ ಅಲೆಗಳನ್ನು ಬರೆದುಕೊಳ್ಳುವ ಯಂತ್ರ. ಜೊತೆಗೆ ಫಾರ್ಮುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸವೂ ನನ್ನದೇ.

ಅವಳು ಹೇಳಿದ್ದು ಯಾವುದು, ನಾನೇ ಕಂಡದ್ದು ಯಾವುದು ಅಂತ ಬೇರೆ ಮಾಡಿಯೇ ಹೇಳುತ್ತೇನೆ. ಮೇಲಿನದು ಅವಳು ಹೇಳಿದ್ದು.

ಮುಖ್ಯಸ್ಥೆ ಅಂದರೆ ದೊಡ್ಡ ಕುರ್ಚಿ ಅಂದುಕೊಳ್ಳಬೇಡಿ. ಹದಿನಾರು ಹಾಸಿಗೆ. ಇಬ್ಬರು ಡಾಕ್ಟರು. ಅದರಲ್ಲಿ ಮೇಘನಾ ಬಾಣಂತನದ ರಜೆಯಲ್ಲಿದ್ದಳು. ಉಳಿದವಳು ಒಬ್ಬಳೇ. ಬೆಳಿಗ್ಗೆ ರೌಂಡ್ಸು, ಮಧ್ಯಾಹ್ನದವರೆಗೆ ಹೊರರೋಗಿಗಳು, ಆಮೇಲೆ ನರ್ಸುಗಳ ಡ್ಯೂಟಿ ಪಟ್ಟಿ, ಕೆಟ್ಟ ಯಂತ್ರಕ್ಕೆ ಪತ್ರ, ಆ ಪತ್ರ ಯಾಕೆ ಬರೆದಿರಿ ಅಂತ ಕೇಳುವ ಮೀಟಿಂಗು. ತೀರ್ಥಹಳ್ಳಿ, ಹೊಸನಗರ, ತುಮರಿ, ಎಲ್ಲ ಕಡೆಯಿಂದ ಕೈ ನಡುಗುವವರು, ಕಾಲು ಎಳೆಯುವವರು, ಹೆಂಡತಿಯ ಹೆಸರು ಮರೆತವರು. ಅವಳು ಊಟ ಮಾಡುವುದನ್ನು ಆ ಮೂರು ತಿಂಗಳು ನಾನು ನೋಡಿಲ್ಲ. ಬಿಸ್ಕತ್ತು ತಿನ್ನುವುದನ್ನು ನೋಡಿದ್ದೇನೆ.

ಬಾವಿಯ ದನಿಗೆ ನಾಲ್ಕು ದಿನ ಮೊದಲಿನ ಮಂಗಳವಾರ. ಹೋದ ವರ್ಷ ಏಪ್ರಿಲ್. ಇದು ನಾನು ಕಂಡದ್ದು.

ದುಗ್ಗಪ್ಪ ಅಂತ ಒಬ್ಬರು ವಾರ್ಡಿನಲ್ಲಿದ್ದರು. ನಗರ ಅನ್ನುವ ಊರಿನ ಹತ್ತಿರದ ಹಳ್ಳಿ. ಎಪ್ಪತ್ತೊಂಬತ್ತು ವರ್ಷ. ಸೈನ್ಯದಲ್ಲಿ ನಾಯಕ್ ಆಗಿ ನಿವೃತ್ತಿ. ಒಂದು ವರ್ಷದಿಂದ ಮರೆವು. ರಾತ್ರಿ ಎದ್ದು ಹೊರಗೆ ಹೋಗಿ ಮನೆಯ ಬಾವಿಕಟ್ಟೆ ಪಕ್ಕ ಕಬ್ಬಿಣದ ಬಳೆಯ ಕೋಲು ಊರಿ ನಿಲ್ಲುತ್ತಿದ್ದರಂತೆ, ಪಹರೆಗೆ. ಸೊಸೆ ಯಶೋಧಾ ಕರೆತಂದಿದ್ದರು. ಆಕೆ ಕೇಳಿದ್ದು ಒಂದೇ. "ಮನೆಗೆ ಕರ್ಕೊಂಡು ಹೋಗ್ಬಹುದಾ ಡಾಕ್ಟ್ರೇ? ನಾನು ನೋಡ್ಕೊಳ್ತೀನಿ. ಕೂಡಿ ಹಾಕ್ಬೇಡಿ ಅವರನ್ನ."

ನಮ್ಮಲ್ಲಿ ಅದಕ್ಕೊಂದು ನಿಯಮ. ಮೂವತ್ತು ಅಂಕದ ನೆನಪಿನ ಪರೀಕ್ಷೆ. ಹದಿನೆಂಟು ಬಂದರೆ ಮನೆ. ಅದಕ್ಕಿಂತ ಕಡಿಮೆ ಬಂದರೆ, ತಪ್ಪಿಸಿಕೊಂಡು ಹೋಗುವ ರೋಗಿಯನ್ನು ನಾಲ್ಕನೇ ರೂಮಿಗೆ ಹಾಕಬೇಕು. ಆ ರೂಮಿಗೆ ಚಿಲಕ ಹೊರಗೆ.

ಪರೀಕ್ಷೆ ಹೊತ್ತಿಗೆ ಮನೆಯವರು ಹೊರಗೆ ಕೂರಬೇಕು. ಇಲ್ಲದಿದ್ದರೆ ಕಣ್ಣಲ್ಲೇ ಉತ್ತರ ಹೇಳಿಕೊಡುತ್ತಾರೆ. ಯಶೋಧಾ ಹೊರಗೆ ಕೂತರು.

ಅಕ್ಕ ಮೊದಲು ಅವರ ಪಾದ ನೋಡಿದಳು. ಅಂಗಾಲಿಗೆ ಬೀಗದ ಕೈಯಿಂದ ಗೀರಿದರೆ ಬೆರಳು ಯಾವ ಕಡೆ ಮಡಚುತ್ತದೆ ಅಂತ ನೋಡುವುದು ಪದ್ಧತಿ. ಎಡಗಾಲಿನಲ್ಲಿ ಎರಡು ಬೆರಳು ಇರಲಿಲ್ಲ.

"ಬೆರಳು ಎಲ್ಲಿ ದುಗ್ಗಪ್ಪನವರೇ?"

"ಲೇಹ್‌ನಾಗೆ ಬಿಟ್ ಬಂದೆ ಸಾಬ್."

"ನಾನು ಹೆಂಗಸು ಕಣ್ರೀ."

"ಡಾಕ್ಟ್ರು ಯಾರಾದ್ರೂ ಸಾಬೇ ನಮಗೆ." ಅವರು ನಕ್ಕರು. "ಎರಡು ಗಂಟೆ ಪಹರೆ ಅಂತ ನಿಲ್ಲಿಸಿದ್ರು. ಬದಲಿ ಬರೋನು ಹಿಮದಾಗೆ ದಾರಿ ತಪ್ಪಿದ. ಹನ್ನೊಂದು ಗಂಟೆ ನಿಂತೆ."

"ಒಳಗೆ ಹೋಗಬಹುದಿತ್ತಲ್ಲ?"

"ನಿಲ್ಲಿಸಿದೋರು ಬಂದು ಪಹರೆಯಿಂದ ಇಳಿಸ್ಬೇಕಲ್ಲ ಸಾಬ್."

ಪರೀಕ್ಷೆ ನಡೆಯಿತು. ವಾರ ಹೇಳಿದರು. ತಿಂಗಳು ತಪ್ಪಿದರು. ನೂರರಿಂದ ಏಳು ಕಳೆಯುವುದರಲ್ಲಿ ಎರಡನೇ ಸಲಕ್ಕೇ ನಿಂತರು. ಆಮೇಲೆ ಅಕ್ಕ ಹೇಳಿದಳು. "ಮೂರು ಮಾತು ಹೇಳ್ತೀನಿ. ನೆನಪಿಟ್ಕೊಳ್ಳಿ. ಐದು ನಿಮಿಷ ಬಿಟ್ಟು ನಾನೇ ಕೇಳ್ತೀನಿ. ಕಂಬಳಿ... ಚೊಂಬು... ನವಿಲು."

ಅವರು ಹೆಬ್ಬೆರಳನ್ನು ಕಿರುಬೆರಳಿನ ಮೂರು ಗೆಣ್ಣಿನ ಮೇಲೆ ಒಂದೊಂದಾಗಿ ಇಟ್ಟರು. "ಆಯ್ತು ಸಾಬ್."

ಆಗ ಗಂಟೆ ನಾಲ್ಕು ನಲವತ್ತು. ಉಳಿದ ಪ್ರಶ್ನೆಗಳು ಬೇಗ ಮುಗಿದವು. ಹದಿನಾರು ಅಂಕ ಆಗಿತ್ತು. ಉಳಿದದ್ದು ಆ ಮೂರು. ಎರಡು ಹೇಳಿದರೂ ಸಾಕು, ಹದಿನೆಂಟು. ಅಷ್ಟರಲ್ಲಿ ತೀರ್ಥಹಳ್ಳಿಯಿಂದ ಆಂಬುಲೆನ್ಸ್ ಬಂತು. ಒಬ್ಬ ಸುಬೇದಾರರು, ಅರ್ಧ ದೇಹ ಬಿದ್ದು ಮೂರು ಗಂಟೆ ಆಗಿದೆ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆ ಗಡುವು. ಅಕ್ಕ ಪೆನ್ನಿಟ್ಟು ಓಡಿದಳು.

ಸುಬೇದಾರರು ಬದುಕಿದರು. ಒಂಬತ್ತನೇ ದಿನ ತಾವೇ ನಡೆದುಕೊಂಡು ಮನೆಗೆ ಹೋದರು. ಇದನ್ನೂ ಹೇಳಬೇಕು.

ಅವಳು ವಾಪಸ್ ಬಂದದ್ದು ರಾತ್ರಿ ಒಂಬತ್ತೂವರೆಗೆ. ಮೇಜಿನ ಮೇಲೆ ಹನ್ನೊಂದು ಫಾರ್ಮು, ಎಲ್ಲ ಆ ರಾತ್ರಿಯೇ ಕಂಪ್ಯೂಟರಿಗೆ ಏರಬೇಕು. ಒಂದು ಚೌಕ ಖಾಲಿ ಇದ್ದರೂ ಅದು ಮುಂದೆ ಹೋಗುವುದಿಲ್ಲ.

"ದುಗ್ಗಪ್ಪ ಎಚ್ಚರ ಇದ್ದಾರಾ?" ಅಂತ ನರ್ಸನ್ನು ಕೇಳಿದಳು.

"ಮಲಗಿದ್ದಾರೆ ಮೇಡಂ. ಎಬ್ಬಿಸ್ಲಾ?"

ಅಕ್ಕ ಸ್ವಲ್ಪ ಹೊತ್ತು ಫಾರ್ಮು ನೋಡಿದಳು. ನೂರರಿಂದ ಏಳು ಕಳೆಯಲಾಗದವರು ಐದು ಗಂಟೆಯ ಹಿಂದಿನ ಮೂರು ಮಾತು ಎಲ್ಲಿ ಹೇಳುತ್ತಾರೆ... "ಬೇಡ ಬಿಡಿ," ಅಂದಳು. ಸೊನ್ನೆ ಬರೆದಳು. ಸಹಿ ಹಾಕಿದಳು.

'ಕೇಳಿದ ವೇಳೆ' ಅನ್ನುವ ಚೌಕ ಖಾಲಿ ಇತ್ತು. ನಾನು ನೋಡಿದೆ. ಕಾಲೇಜಿನ ಲ್ಯಾಬಿನಲ್ಲಿ ಮೊದಲ ದಿನ ಹೇಳಿಕೊಟ್ಟ ಪಾಠ, ತೆಗೆಯದ ರೀಡಿಂಗನ್ನು ಬರೆಯಬಾರದು. ಆ ಚೌಕ ತುಂಬದೆ ಕಂಪ್ಯೂಟರ್ ಮುಂದಿನ ಪುಟಕ್ಕೆ ಹೋಗಲಿಲ್ಲ. ನಾನು ನಾಲ್ಕು ನಲವತ್ತೈದು ಅಂತ ತುಂಬಿದೆ. ನನಗೂ ಮನೆಗೆ ಹೋಗಬೇಕಿತ್ತು.

ಹತ್ತು ಗಂಟೆಗೆ ದುಗ್ಗಪ್ಪನವರನ್ನು ಎಬ್ಬಿಸಿ ನಾಲ್ಕನೇ ರೂಮಿಗೆ ಕರೆದುಕೊಂಡು ಹೋದರು. ಅಲ್ಲಿ ಮನೆಯವರು ಇರುವಂತಿಲ್ಲ. ಯಶೋಧಾ ವರಾಂಡದ ಬೆಂಚಿನಲ್ಲಿ ಮಲಗಿದರು. ಬೆಳಗಿನ ಜಾವ ಮೂರು ಗಂಟೆಗೆ ನರ್ಸ್ ಚಿಲಕ ತೆಗೆದಾಗ ದುಗ್ಗಪ್ಪ ಬಾಗಿಲಿಗೆ ಮುಖ ಮಾಡಿ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಕೋಲು ಬಲಗೈಯಲ್ಲಿ. ಜೀವ ಇರಲಿಲ್ಲ. ಹೃದಯ ಅಂತ ಬರೆದರು. ಹೃದಯವೇ ಇರಬೇಕು. ನನಗೆ ಅದರಲ್ಲಿ ಅನುಮಾನ ಇಲ್ಲ.

ಶನಿವಾರ ರಾತ್ರಿ ಬಾವಿಯ ಹತ್ತಿರ ಆ ದನಿ.

ಮರುದಿನ ಅಕ್ಕ ಗೇಟಿನ ಉಮೇಶನನ್ನು ವಿಚಾರಿಸಿದಳು. ಉಮೇಶ್ ಮಾಸ್ತಿಕಟ್ಟೆಯವನು, ಅವನೂ ಹದಿನೇಳು ವರ್ಷ ಸೈನ್ಯದಲ್ಲಿದ್ದು ಬಂದವನು. ನಾನು ಅಲ್ಲೇ ಇದ್ದೆ.

"ನಾನು ಗೇಟ್ ಬಿಟ್ಟು ಬಂದೇ ಇಲ್ಲ ಮೇಡಂ. ಕತ್ತಲಾದ್ಮೇಲೆ ಆ ಬಾವಿ ಕಡೆ ಹೋಗೋದೂ ಇಲ್ಲ."

"ಮಿಲಿಟರಿಲಿದ್ದು ಹೆದರ್ತೀಯಾ?"

"ಅಲ್ಲಿ ಎದುರಿಗೆ ಯಾರಿದ್ದಾರೆ ಅಂತ ಗೊತ್ತಿರ್ತಿತ್ತು ಮೇಡಂ."

ಆ ರಾತ್ರಿಯೂ ಆಯಿತು. ಮರುರಾತ್ರಿಯೂ. ಅದೇ ಜಾಗ. ಟಣ್... "ಥಮ್! ಕೌನ್ ಆತಾ ಹೈ?" ಅವಳು ಹೆಸರು ಹೇಳಬೇಕು. ಒಂದು ನಿಮಿಷ ನಿಲ್ಲಬೇಕು. ಆಮೇಲೆ ಬಿಡುಗಡೆ. ಆರನೇ ರಾತ್ರಿಯ ಹೊತ್ತಿಗೆ ಅವಳು "ಹೂಂ, ನಾನೇ" ಅಂತಷ್ಟೇ ಅನ್ನುತ್ತಿದ್ದಳಂತೆ. ಹಾಜರಿ ಕೊಟ್ಟ ಹಾಗೆ.

"ಹೆದರಿಕೆ ಆಗ್ಲಿಲ್ವಾ ಅಕ್ಕ?" ಅಂತ ಕೇಳಿದೆ.

"ಹೆದರಲಿಕ್ಕೂ ಸ್ವಲ್ಪ ಶಕ್ತಿ ಬೇಕು ಕಣೋ ಗೌತಮ."

ನನಗೆ ಹೇಳಿದ್ದು ಒಂಬತ್ತನೇ ದಿನ. ಹೇಳಿದ್ದೂ ರೋಗಿಯ ಲಕ್ಷಣ ಒಪ್ಪಿಸುವ ಹಾಗೆ. ನಲವತ್ತಮೂರು ವರ್ಷದ ಹೆಂಗಸು. ನಿದ್ದೆ ದಿನಕ್ಕೆ ನಾಲ್ಕು ಗಂಟೆ. ದಿನವೂ ಒಂದೇ ಜಾಗದಲ್ಲಿ ಒಂದೇ ದನಿ. "ಮಿದುಳಿನ ಪಕ್ಕದ ಹಾಲೆಯಲ್ಲಿ ಏನೋ ಇರಬೇಕು. ನನಗೊಂದು ಇಇಜಿ ಮಾಡು. ಯಾರಿಗೂ ಹೇಳಬೇಡ."

ಊಟದ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಮಾಡಿದೆ. ತಲೆಗೆ ಇಪ್ಪತ್ತೊಂದು ತಂತಿ ಅಂಟಿಸಿದೆ. ಮೂರನೇ ನಿಮಿಷಕ್ಕೆ ಅವಳಿಗೆ ನಿದ್ದೆ ಬಂತು. ನಾನು ಎಬ್ಬಿಸಲಿಲ್ಲ. ಇಪ್ಪತ್ತು ನಿಮಿಷದ ಪರೀಕ್ಷೆಯನ್ನು ಐವತ್ತು ನಿಮಿಷ ಓಡಿಸಿದೆ. ಅಲೆಗಳಲ್ಲಿ ದೋಷ ಏನೂ ಇರಲಿಲ್ಲ. ನಿದ್ದೆ ಇತ್ತು, ಅಷ್ಟೇ.

ಎದ್ದು ಅಲೆಗಳನ್ನು ನೋಡಿದಳು. "ನಾರ್ಮಲ್ಲು," ಅಂದಳು. ಸಂತೋಷ ಪಟ್ಟ ಹಾಗೆ ಕಾಣಲಿಲ್ಲ.

ದುಗ್ಗಪ್ಪನವರ ಪರೀಕ್ಷೆಯಾಗಿ ಹತ್ತೊಂಬತ್ತನೇ ದಿನ ಯಶೋಧಾ ಬಂದರು. ಮಾವನ ಕಾಗದಪತ್ರ ಬೇಕಿತ್ತು. ನಾನು ಪ್ರತಿ ತೆಗೆದು ಕೊಡುತ್ತಿದ್ದೆ. ಅಕ್ಕ ಅವರಿಗೆ ಕುರ್ಚಿ ಕೊಟ್ಟು ಎದುರಿಗೆ ಕೂತಳು.

ಯಶೋಧಾ ಚೀಲದಲ್ಲಿ ಕಾಗದ ಇಡುತ್ತಾ ಸುಮ್ಮನೆ ಅಂದರು. "ಕೊನೇ ದಿವಸ ಮಾವ ನಂಗೆ ಎಂಥಾ ಕಾಟ ಕೊಟ್ರು ಅಂತೀರಿ ಡಾಕ್ಟ್ರೇ. ಸಂಜೆ ಏಳು ಗಂಟೆಗೆ ಗಂಜಿ ಕುಡಿಸ್ತಿದ್ದೆ. ಕಂಬಳಿ ಅಂದ್ರು. ಹೊದಿಸ್ದೆ. ಆ ಸೆಖೇಲಿ! ತೆಗೆದು ಎಸೆದ್ರು. ಚೊಂಬು ಅಂದ್ರು. ನೀರು ಕೊಟ್ಟೆ. ಅದನ್ನೂ ಬೇಡ ಅಂದ್ರು. ಬಾಗಿಲ ಕಡೆಗೇ ನೋಡೋದು. ಆಮೇಲೆ ನವಿಲು ಅಂದ್ರು..."

ಅವರಿಗೆ ನಗು ಬಂತು. "ನವಿಲು ನಾನು ಎಲ್ಲಿಂದ ತರ್ಲಿ ಹೇಳಿ? ಮನೆಗೆ ಹೋದ್ಮೇಲೆ ಗದ್ದೆಗೆ ಬರುತ್ತೆ, ತೋರಿಸ್ತೀನಿ, ಮಲ್ಕಳಿ ಮಾವ ಅಂದೆ. ಮಲ್ಕೊಂಡ್ರು. ಹೆಬ್ಬೆರಳು ಮಾತ್ರ ಹಿಂಗೇ ಇಟ್ಕೊಂಡಿದ್ರು."

ತೋರಿಸಿದರು. ಕಿರುಬೆರಳಿನ ಮೇಲಿನ ಗೆಣ್ಣು.

ಪ್ರತಿಗಳು ಯಂತ್ರದಿಂದ ಒಂದೊಂದಾಗಿ ಬೀಳುತ್ತಿದ್ದವು. ನಾನು ಅಕ್ಕನ ಕಡೆ ನೋಡಲಿಲ್ಲ.

ಅಕ್ಕ ಮೆಲ್ಲಗೆ ಹೇಳಿದಳು. "ಯಶೋಧಾ, ಅದು ನಾನು ಕೊಟ್ಟ ಮಾತು. ನೆನಪಿಟ್ಟುಕೊಳ್ಳಿ, ನಾನೇ ಕೇಳ್ತೀನಿ ಅಂತ. ಎರಡು ಹೇಳಿದ್ದರೂ ಮನೆಗೆ ಕಳಿಸ್ತಿದ್ದೆ. ನಾನು ಬಂದು ಕೇಳಲೇ ಇಲ್ಲ. ಕೇಳದೆ ಸೊನ್ನೆ ಬರೆದೆ."

ಯಶೋಧಾ ಚೀಲದ ಹಿಡಿಯನ್ನು ತಿರುಚುತ್ತಾ ಕೂತರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಅಂಗಳದಲ್ಲಿ ಭತ್ತ ಒಣಗ್ಸಿರ್ತೀವಿ," ಅಂದರು ಕೊನೆಗೆ. "ಸ್ವಲ್ಪ ಕಾಯ್ತಿರಿ ಮಾವ ಅಂತ ಕೂರ್ಸಿದ್ರೆ, ನಾನೇ ಬಂದು ಸಾಕು ಅನ್ನೋತನಕ ಏಳ್ತಿರ್ಲಿಲ್ಲ. ನನ್ ಗಂಡ ಹೇಳಿದ್ರೂ ಏಳ್ತಿರ್ಲಿಲ್ಲ. ಒಂದ್ಸಲ ನಾನು ಮರೆತು ಪೇಟೆಗೆ ಹೋಗಿದ್ದೆ. ಸಂಜೆ ಬರೋತನಕ ಬಿಸಿಲಲ್ಲೇ ಕೂತಿದ್ರು."

ಎದ್ದು ನಿಂತರು.

"ನೀವು ಹೇಳಿದ್ರಲ್ಲ ಡಾಕ್ಟ್ರೇ, ಬಂದು ಕೇಳ್ತೀನಿ ಅಂತ. ಹಂಗಾದ್ರೆ ಕೇಳ್ಬೇಕಿತ್ತು."

ಅಷ್ಟೇ ಅಂದು ಹೋದರು. ಬಾವಿಯ ಸಂಗತಿ ಆಕೆಗೆ ಯಾರೂ ಹೇಳಿರಲಿಲ್ಲ. ಇದನ್ನು ಗಮನಿಸಿ.

ಎರಡು ರಾತ್ರಿ ಅಕ್ಕ ಕ್ವಾರ್ಟರ್ಸಿಗೆ ಹೋಗಲಿಲ್ಲ. ಡ್ಯೂಟಿ ರೂಮಿನಲ್ಲೇ ಮಲಗಿದಳು. ಮಂಗಳವಾರ ಸಂಜೆ ನನ್ನನ್ನು ಕರೆದಳು. ದುಗ್ಗಪ್ಪನವರ ಫಾರ್ಮು ಹಲಗೆಗೆ ಸಿಕ್ಕಿಸಿ ಇಟ್ಟುಕೊಂಡಿದ್ದಳು.

"ಇವತ್ತು ನೀನೂ ಬಾ. ಸಾಕ್ಷಿ ಬೇಕು. ಫೋನಿನಲ್ಲಿ ರೆಕಾರ್ಡ್ ಮಾಡು. ಒಂದು ಮಾತು... ನೀನು ಬಾಯಿ ಬಿಡಬಾರದು. ಸುಳಿವು ಕೊಟ್ಟರೆ ಪರೀಕ್ಷೆ ಕೆಡುತ್ತದೆ."

ಇನ್ನು ಮುಂದಿನದು ನಾನೇ ಕಂಡದ್ದು, ಕೇಳಿದ್ದು.

ಹತ್ತು ಗಂಟೆಗೆ ಹೊರಟೆವು. ಸೆಖೆ. ಗಾಳಿ ಇಲ್ಲ. ಫೋನಿನಲ್ಲಿ ಇಪ್ಪತ್ತಾರು ಡಿಗ್ರಿ ತೋರಿಸುತ್ತಿತ್ತು. ಕೊನೆಯ ದೀಪದ ಕಂಬ ದಾಟಿದ ಮೇಲೆ ಹೆಜ್ಜೆ ಎಣಿಸಿದೆ. ಹದಿನೆಂಟನೇ ಹೆಜ್ಜೆಗೆ ಜೀರುಂಡೆಗಳು ನಿಂತವು. ಸ್ವಿಚ್ ಆರಿಸಿದ ಹಾಗೆ, ಎಲ್ಲ ಒಟ್ಟಿಗೆ.

ಟಣ್...

"ಥಮ್! ಕೌನ್ ಆತಾ ಹೈ?"

ದನಿ ಬಾವಿಯ ಒಳಗಿಂದ ಬಂದದ್ದಲ್ಲ. ಬಾವಿಯಾದರೆ ಗುಂಯ್‌ಗುಡಬೇಕು. ಇದು ಎದುರಿನಿಂದ ಬಂತು, ಮನುಷ್ಯನ ಬಾಯಿಯ ಎತ್ತರದಿಂದ. ಅಲ್ಲಿ ಯಾರೂ ಇರಲಿಲ್ಲ. ಜಾಲರಿ ಕಾಣುತ್ತಿತ್ತು.

"ಡಾಕ್ಟರ್ ಪ್ರತಿಮಾ," ಅಂದಳು ಅಕ್ಕ. ಸುಸ್ತಾದ ದನಿ, ಆದರೆ ಗಟ್ಟಿ. ಬ್ಯಾಟರಿ ದೀಪವನ್ನು ಫಾರ್ಮಿನ ಮೇಲೆ ಬಿಟ್ಟಳು. "ದುಗ್ಗಪ್ಪನವರೇ, ತಡವಾಯ್ತು. ತಪ್ಪು ನನ್ನದು. ನಾನು ನಿಮಗೆ ಮೂರು ಮಾತು ಹೇಳಿದ್ದೆ. ಯಾವುವು?"

ಬೆವರು ನನ್ನ ಕಿವಿಯ ಹಿಂದಿನಿಂದ ಇಳಿಯುತ್ತಿತ್ತು...

"ಕಂಬಳಿ."

ಪಿಸುಮಾತಿಗಿಂತ ಸ್ವಲ್ಪ ದೊಡ್ಡದು. ಅಕ್ಕನ ಪೆನ್ನು ಕಾಗದದ ಮೇಲೆ ಗೀಚಿದ್ದು ಕೇಳಿಸಿತು.

"ಚೊಂಬು."

ಮತ್ತೆ ಗೀಚಿತು. ಹದಿನೆಂಟು. ಮನೆಗೆ ಹೋಗಲು ಇಷ್ಟು ಸಾಕು. ಆದರೆ ಅಕ್ಕ ಕದಲಲಿಲ್ಲ.

ಆಮೇಲೆ ಏನೂ ಬರಲಿಲ್ಲ. ಹತ್ತು ಸೆಕೆಂಡು. ಇಪ್ಪತ್ತು. ಗಂಟಲಿನ ಹತ್ತಿರ ಏನೋ ಹುಡುಕುವ ಹಾಗೆ ಒಂದು ಉಸಿರು... ನನ್ನ ಬಾಯಿಗೆ ಆ ಮಾತು ಬಂದೇ ಬಿಟ್ಟಿತ್ತು. ಅಕ್ಕ ನನ್ನ ಮಣಿಕಟ್ಟು ಹಿಡಿದು ಒತ್ತಿದಳು. ಅವಳ ಉಗುರಿನ ಗುರುತು ಮರುದಿನವೂ ಇತ್ತು. ನಲವತ್ತು ಸೆಕೆಂಡು.

"...ನವಿಲು. ನವಿಲು ಸಾಬ್."

"ಸರಿ," ಅಂದಳು ಅಕ್ಕ. ನನ್ನ ಮಣಿಕಟ್ಟು ಬಿಟ್ಟಳು. "ಮೂರೂ ಸರಿ. ಸಾಕು ದುಗ್ಗಪ್ಪನವರೇ. ಇನ್ನು ಮನೆಗೆ ಹೋಗಿ."

ಹಿಮ್ಮಡಿಗೆ ಹಿಮ್ಮಡಿ ತಾಗಿದ ಸದ್ದು. ಟಪ್. ಆಮೇಲೆ ಹೆಜ್ಜೆಗಳು, ನಮ್ಮಿಂದ ದೂರಕ್ಕೆ. ಕೊನೆಯದು ಕೇಳಿಸುವಷ್ಟರಲ್ಲಿ ಜೀರುಂಡೆಗಳು ಶುರು ಮಾಡಿದ್ದವು.

ಅಕ್ಕ ಅಲ್ಲೇ ಬಾವಿಕಟ್ಟೆ ಮೇಲೆ ಕೂತು ಫಾರ್ಮು ತಿದ್ದಿದಳು. ಸೊನ್ನೆಗೆ ಗೀಟು, ಪಕ್ಕದಲ್ಲಿ ಮೂರು, ಸಹಿ, ತಾರೀಖು. ಒಟ್ಟು ಹತ್ತೊಂಬತ್ತು. 'ನಡುವಿನ ಅವಧಿ' ಅನ್ನುವಲ್ಲಿ ಇಪ್ಪತ್ತೊಂದು ದಿನ ಅಂತ ಬರೆದಳು. ಕೆಳಗೆ, 'ಮನೆಗೆ ಕಳಿಸಬಹುದು'. ಆಮೇಲೆ ಪೆನ್ನನ್ನು ನನಗೆ ಕೊಟ್ಟಳು.

"ನೀನು ತುಂಬಿದ ವೇಳೆಯನ್ನು ನೀನೇ ತಿದ್ದು."

ಅವಳಿಗೆ ಅದೂ ಗೊತ್ತಿತ್ತು. ಕಾಗದದಲ್ಲಿ ಖಾಲಿ ಇದ್ದ ಆ ಚೌಕದಲ್ಲಿ ಹತ್ತು ಗಂಟೆ ಏಳು ನಿಮಿಷ ಅಂತ ಬರೆದೆ. ಕಂಪ್ಯೂಟರಿನಲ್ಲಿದ್ದ ಸುಳ್ಳನ್ನು ಬೆಳಿಗ್ಗೆ ತೆಗೆಸಿದೆ. ಅದಕ್ಕೆ ಅಕ್ಕನೂ ನಾನೂ ಮೇಲಿನವರಿಗೆ ಪತ್ರ ಬರೆದು ತಪ್ಪೊಪ್ಪಿಕೊಳ್ಳಬೇಕಾಯಿತು. ಯಶೋಧಾಗೆ ಅಕ್ಕ ಫೋನ್ ಮಾಡಿ, ನಿಮ್ಮ ಮಾವ ಮೂರೂ ಸರಿ ಹೇಳಿದರು ಅಂದಳು. ಯಾವಾಗ, ಎಲ್ಲಿ ಅಂತ ಆಕೆ ಕೇಳಲಿಲ್ಲ. "ನಂಗೊತ್ತಿತ್ತು," ಅಂದರಂತೆ.

ಬಾವಿಯ ದನಿ ಆಮೇಲೆ ಇಲ್ಲ. ಅಕ್ಕ ಈಗಲೂ ಅದೇ ದಾರಿಯಲ್ಲಿ ಹೋಗುತ್ತಾಳೆ. ಈಗಲೂ ಹತ್ತು ಗಂಟೆಗೇ.

ರೆಕಾರ್ಡಿಂಗ್ ನಾಲ್ಕು ನಿಮಿಷ ಹತ್ತು ಸೆಕೆಂಡು ಇದೆ. ಅದರಲ್ಲಿ ಅಕ್ಕನ ಮಾತಿದೆ. ಪೆನ್ನಿನ ಸದ್ದಿದೆ. ದುಗ್ಗಪ್ಪನವರ ದನಿ ಇಲ್ಲ. ಮೂರು ಮಾತೂ ಇಲ್ಲ. ಅವರ ಹೆಜ್ಜೆ ಮಾತ್ರ ಇದೆ, ಹದಿನಾಲ್ಕು. ಆದರೆ ಕಾಂಕ್ರೀಟಿನ ಮೇಲೆ ಬೂಟು ಇಟ್ಟ ಸದ್ದಲ್ಲ ಅದು. ಕರಕ್... ಕರಕ್... ದಪ್ಪಗೆ ಹರಡಿದ ಹರಳುಪ್ಪಿನ ಮೇಲೆ ಯಾರೋ ನಡೆದ ಹಾಗೆ. ಒಂದು ಹೆಜ್ಜೆ ಭಾರ, ಒಂದು ಹಗುರ. ಎಂಟು ಸಲ ಕೇಳಿದರೂ ನನಗೆ ಗುರುತು ಸಿಗಲಿಲ್ಲ.

ಏನು, ಎತ್ತ ಅಂತ ಹೇಳದೆ ಉಮೇಶನಿಗೆ ಕೇಳಿಸಿದೆ. ಅವನು ಇಯರ್‌ಫೋನ್ ತೆಗೆದು ನನ್ನ ಮುಖ ನೋಡಿದ.

"ಎಲ್ಲಿ ಸಿಕ್ತು ಇದು?"

"ಯಾಕೆ?"

"ಹಿಮದ ಮೇಲೆ ಬೂಟು ಸಾರ್. ನಾಲ್ಕು ವರ್ಷ ಅದ್ರ ಮೇಲೇ ನಡೆದಿದ್ದೀನಿ. ನಂಗೆ ಗೊತ್ತಾಗಲ್ವಾ?"

ಹಿಮವನ್ನು ನಾನು ಕಂಡವನಲ್ಲ. ಆ ರಾತ್ರಿ ಸಾಗರದಲ್ಲಿ ಇಪ್ಪತ್ತಾರು ಡಿಗ್ರಿ. ಇದು ನಡೆದದ್ದು. ಫೈಲು ನನ್ನ ಫೋನಿನಲ್ಲೇ ಇದೆ... ಕೇಳ್ತೀರಾ?